ಸ್ವಿಚ್‌ಬೋರ್ಡಿನ ಬಲ್ಬು ಗುರುತಿಸಿದ ಕೆಂಪು

ಕಳೆದ ಗುರುವಾರ ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ನಾನು ಕಡೂರಿನ ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ, ಬಾಗಿಲಿನಿಂದ ಎರಡನೇ ಮೇಜಿನ ಎಡಗಡೆ ನಿಂತಿದ್ದೆ. (ಇಷ್ಟು ವಿವರ ಯಾಕೆ? ಕಂಡದ್ದನ್ನು ನೀವು ನಂಬಬೇಕಲ್ಲ.)

ಫಿಸಿಕ್ಸ್‌ಗೆ ಮಕ್ಕಳು ಸೇರುತ್ತಿಲ್ಲ, ಲ್ಯಾಬನ್ನು ಕಂಪ್ಯೂಟರ್‌ಗಳಿಗೆ ಬಿಟ್ಟುಕೊಡಿ ಎಂದು ಪ್ರಿನ್ಸಿಪಾಲರು ಹೇಳಿಬಿಟ್ಟಿದ್ದರು. ನಾಲ್ಕಕ್ಕೆ ಕೊನೆಯ ಸಲ ನೋಡಲು ಬರುವವರಿದ್ದರು. ಇಲ್ಲೇ ಓದಿ ಈಗ ಲೇಸರ್ ಸಂಶೋಧನೆ ಮಾಡುತ್ತಿರುವ ಶುಭಾ, ಅಜ್ಜಂಪುರದ ನನ್ನ ತಂಗಿಯ ಮಗಳು, ಬಣ್ಣವನ್ನು ಕೂದಲೆಳೆಯಷ್ಟು ಬದಲಿಸಬಲ್ಲ ಲೇಸರೊಂದನ್ನು ಹೊತ್ತು ಬಂದಿದ್ದಳು.

ಪ್ರಿನ್ಸಿಪಾಲರ ಮನಸ್ಸು ತಿರುಗಿಸಲು ಒಂದು ಪ್ರಯೋಗ ತೋರಿಸುವ ಆಸೆ ಅವಳಿಗೆ; ಆದರೆ ಅದಕ್ಕೆಂದು ಜೊತೆಗೆ ತಂದ ನಿಯಾನ್ ದೀಪ ಹಿಂದಿನ ದಿನ ತರೀಕೆರೆಯಲ್ಲಿ ಒಡೆದಿತ್ತು. ಈಗೇನು ಗತಿ?

ಅಟೆಂಡರ್ ನಿಂಗಣ್ಣ ಫ್ಯೂಸ್ ಕಿತ್ತರು. ಹಳೇ ಸ್ವಿಚ್‌ಬೋರ್ಡಿನ ಇಂಡಿಕೇಟರ್ ಬಿಚ್ಚಿ, ಪುಟ್ಟ ಬಲ್ಬನ್ನು ಅವಳ ಕೈಗಿಟ್ಟರು.

"ಇದ್ರಲ್ಲೂ ನಿಯಾನೇ ತಾನೆ ಇರೋದು, ಶುಭಮ್ಮ?"

ಶುಭಾ ತಂದ ಸರ್ಕ್ಯೂಟಿನಲ್ಲಿ ಬಲ್ಬು ಹೊತ್ತಿತು. ಕೆಂಪು ಲೇಸರ್ ಅದರ ಮೇಲೆ ಬಿತ್ತು. ಬಲ್ಬಿನ ಕರೆಂಟನ್ನು ತೋರಿಸುವ ಪರದೆಯ ಗೆರೆ ಅಲುಗಲಿಲ್ಲ. ಶುಭಾ ಲೇಸರಿನ ಬಣ್ಣ ಬದಲಿಸುವ ಗುಂಡಿ ತಿರುಗಿಸಿದಳು, ಮತ್ತೆ ತಿರುಗಿಸಿದಳು. ಗಡಿಯಾರ ನೋಡಿದಳು.

"ಬಿಡವ್ವ ಇತ್ತ. ಮೀಟರ್ ಬ್ರಿಡ್ಜಲ್ಲೂ ಹಿಂಗೇ ಜಾಗ ದಾಟ್ಕೊಂಡು ಓಡೋಳು ನೀನು" ಎಂದರು ನಿಂಗಣ್ಣ. ಆ ಪ್ರಯೋಗದಲ್ಲಿ ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಗೆ ಬರುವ ತಂತಿಯ ಜಾಗವನ್ನು ಮೂವತ್ತು ವರ್ಷ ಮಕ್ಕಳಿಗೆ ಗುಟ್ಟಾಗಿ ಹುಡುಕಿಕೊಟ್ಟ ಬೆರಳುಗಳು ಅವು. ಉಸಿರು ಬಿಗಿಹಿಡಿದು ಗುಂಡಿಯನ್ನು ಸರಿಸಿದರು.

ಗೆರೆ ಚಂಗನೆ ಎದ್ದಿತು. ಒಂದಿಷ್ಟು ಸರಿಸಿದರೆ ಮಾಯ. ಹಿಂದಕ್ಕೆ ತಂದರೆ ಮತ್ತೆ ಹಾಜರ್.

"ಉರಿಯೋ ಬಲ್ಬಲ್ಲಿ ಕೆಲವು ಪರಮಾಣು ಹೆಚ್ಚು ಶಕ್ತಿ ಪಡೆದು ಉದ್ರೇಕಗೊಂಡು ನಿಂತಿರ್ತವೆ, ಮಾವ" ಎಂದಳು ಶುಭಾ, ಮೆಲ್ಲಗೆ. "ಅವಕ್ಕೆ ಒಗ್ಗೋ ಬಣ್ಣವೇ ಬಿದ್ರೆ ಎಲೆಕ್ಟ್ರಾನ್ ಕಳ್ಕೊಳ್ಳೋದು ಹೆಚ್ಚುಕಮ್ಮಿ ಆಗುತ್ತೆ. ಆಗ ಕರೆಂಟು ಅಲುಗುತ್ತೆ."

ಕಾಗದದ ಮೇಲೆ ಲೇಸರಿನ ಚುಕ್ಕೆಯನ್ನು ಮೂರು ಸಲ ನೋಡಿದೆ. ಗೆರೆ ಎದ್ದಾಗಲೂ ಕೆಂಪು, ಮಾಯವಾದಾಗಲೂ ಅದೇ ಕೆಂಪು. ನನ್ನ ಕಣ್ಣಿಗೆ ಸಿಗದ ವ್ಯತ್ಯಾಸ ಬಲ್ಬಿನೊಳಗಿನ ಪರಮಾಣುವಿಗೆ ಗೊತ್ತಿತ್ತು. ದಿನಾ ಸ್ವಿಚ್ ಒತ್ತುವಾಗ ಇದರ ಪಕ್ಕದಲ್ಲೇ ಬೆರಳಾಡಿಸುತ್ತೇವಲ್ಲ?

ಪ್ರಿನ್ಸಿಪಾಲರು ಬಂದರು. ನಿಂತೇ ನೋಡಿದರು.

"ಇನ್ನೊಂದ್ಸಲ ಮಾಡಿ, ನಿಂಗಣ್ಣ."

ನಾಲ್ಕನೇ ಸಲಕ್ಕೆ ಸ್ಟೂಲ್ ಎಳೆದುಕೊಂಡು ತಾವೇ ಗುಂಡಿ ಹಿಡಿದರು. ಗೆರೆ ಸಿಕ್ಕಾಗ ಕೈ ತೆಗೆಯಲಿಲ್ಲ. "ಕಂಪ್ಯೂಟರ್‌ಗಳು ಮಹಡಿ ರೂಮಿಗೆ ಹೋಗ್ಲಿ, ಲ್ಯಾಬ್ ಇಲ್ಲೇ ಇರ್ಲಿ" ಎಂದರು, ಪರದೆಯಿಂದ ಕಣ್ಣು ಕೀಳದೆ.

ನೋಡಿದವರು ಶುಭಾ, ನಿಂಗಣ್ಣ, ಪ್ರಿನ್ಸಿಪಾಲರು ಮತ್ತು ನಾನು. ಅನುಮಾನವಿದ್ದರೆ ಬಂದು ಕೇಳಿ: ನಾಲ್ವರೂ ಬದುಕಿದ್ದೇವೆ, ಬಲ್ಬು ಕೂಡ ಅದೇ ಬೋರ್ಡಿಗೆ ಮರಳಿ ಉರಿಯುತ್ತಿದೆ.