ಒಂದೇ ಸಲ ಕೇಳುವ ಮನೆಯ ಚಹಾ

ಶಿರಾಜ್‌ನಲ್ಲಿ ನಾರಂಜ್ ಎಂಬ ಹುಳಿಕಿತ್ತಳೆ ಮರಗಳು ಹೂಬಿಟ್ಟ ಆ ವಸಂತದಲ್ಲಿ ತೂರಾನ್ ಖಾನಂಳ ಅಂಗಳಕ್ಕೆ ಹೋದವರಿಗೆಲ್ಲ ಹೂವಿನ ಚಹಾ ಸಿಕ್ಕಿತು, ಕರಾಮತ್ ಆಘಾನಿಗೆ ಮಾತ್ರ ಸಿಗಲಿಲ್ಲ. ತಪ್ಪು ಅವನ ನಾಲಿಗೆಯದು.

ಕರಾಮತ್ ಆಘಾ ಊರಿನಿಂದ ಮರ್ವ್‌ದಶ್ತಿಗೆ ಮಿನಿಬಸ್ ಓಡಿಸಿ ನಿವೃತ್ತನಾದವನು. ಉದ್ದ ಮೂಗು, ಇಸ್ತ್ರಿ ಮಾಡಿದ ಅಂಗಿ, ಮಿತಿಮೀರಿದ ವಿನಯ. ಯಾರಾದರೂ ಏನಾದರೂ ಕೊಟ್ಟರೆ ಎರಡು ಸಲ ಬೇಡವೆಂದು ಮೂರನೆಯ ಸಲಕ್ಕೆ ತೆಗೆದುಕೊಳ್ಳುವುದು ಅಲ್ಲಿಯ ಮರ್ಯಾದೆ. ಅದಕ್ಕೆ ತಾರೋಫ್ ಎನ್ನುತ್ತಾರೆ. ಕೊಡುವವರಿಗೂ ಇದು ಗೊತ್ತು, ಬೇಡವೆನ್ನುವವರಿಗೂ ಗೊತ್ತು. ಆದ್ದರಿಂದ ಯಾರೂ ಹಸಿದು ಸತ್ತಿಲ್ಲ. ಆದರೆ ಬಸ್ಸಿಗೆ ಬ್ರೇಕ್ ಹಾಕಲು ಬರುತ್ತಿದ್ದ ಕರಾಮತನಿಗೆ ತಾರೋಫ್‌ಗೆ ಹಾಕಲು ಬರುತ್ತಿರಲಿಲ್ಲ.

ಯೌವನದಲ್ಲಿ ಒಮ್ಮೆ ಹೆಣ್ಣು ಕೇಳಲು ಹೋಗಿದ್ದ. "ನಮ್ಮ ಹುಡುಗಿ ನಿಮಗೆ ತಕ್ಕವಳಲ್ಲ ಬಿಡಿ" ಎಂದು ಹುಡುಗಿಯ ತಂದೆ ಉಪಚಾರಕ್ಕೆ ಅಂದ. "ಛೆ ಛೆ, ನಾನೇ ಆಕೆಗೆ ತಕ್ಕವನಲ್ಲ" ಎಂದ ಕರಾಮತ್. ಹಾಗೇನಿಲ್ಲ ಎಂದರು ಅವರು. ಹಾಗೇ ಇದೆ ಎಂದು ಇವನು ಹಟ ಹಿಡಿದ. ಅವರು ಹಣ್ಣಿನ ತಟ್ಟೆ ಮುಂದಿಡುತ್ತ ಹೋದಂತೆ ಇವನು ಪುರಾವೆಗಳನ್ನು ಮುಂದಿಡುತ್ತ ಹೋದ: ಅರ್ಧಕ್ಕೆ ಬಿಟ್ಟ ಓದು, ಗೊರಕೆ, ಮಂದವಾದ ಎಡಗಿವಿ. ಕತ್ತಲಾಗುವ ಹೊತ್ತಿಗೆ ತಂದೆಗೆ ನಂಬಿಕೆ ಬಂತು. ಕರಾಮತ್ ಬ್ರಹ್ಮಚಾರಿಯಾಗಿ ಉಳಿದು, ವಿಧವೆ ಅಕ್ಕ ಅಫ್ಸರಳ ಮನೆಯಲ್ಲಿ ಬೈಗುಳ ತಿನ್ನುತ್ತ ಮುದುಕನಾಗತೊಡಗಿದ.

ಅವರ ಓಣಿಯಲ್ಲೇ ತೂರಾನ್ ಖಾನಂಳ ಮನೆ. ಆಕೆಯೂ ವಿಧವೆ, ಸರಕಾರಿ ದವಾಖಾನೆಯಲ್ಲಿ ಇಂಜೆಕ್ಷನ್ ಚುಚ್ಚಿ ಚುಚ್ಚಿ ನಿವೃತ್ತಳಾದ ದಾದಿ. ಒಂದು ದಿನ ಇಬ್ಬರು ಮುದುಕರು ಆಕೆಯ ಸೂಜಿಯ ಮುಂದೆ "ಮೊದಲು ನೀವು", "ಉಂಟೇ, ನೀವಿರುವಾಗ ನಾನು ಮೊದಲೇ?" ಎಂದು ಒಬ್ಬರನ್ನೊಬ್ಬರು ತಳ್ಳುತ್ತ ದವಾಖಾನೆ ಮುಚ್ಚುವವರೆಗೂ ನಿಂತಿದ್ದರು. ಇಬ್ಬರಿಗೂ ಜ್ವರವಿತ್ತು. ಅಂದೇ ಆಕೆ ತಾರೋಫ್ ಬಿಟ್ಟಳು, ಬೇರೆಯವರು ಸಿಗರೇಟು ಬಿಡುವ ಹಾಗೆ, ಶಾಶ್ವತವಾಗಿ. ಆಮೇಲೆ ಯಾವುದನ್ನೂ ಎರಡು ಸಲ ಕೇಳಿದವಳಲ್ಲ.

ಹೂವಿನ ಕಾಲದಲ್ಲಿ ಆಕೆಯ ಅಂಗಳದ ನಾರಂಜ್ ಮರದಡಿ ಬಿಳಿ ಬಟ್ಟೆ ಹಾಸುತ್ತಿದ್ದರು. ಉದುರಿದ ಹೂ ಆರಿಸಲು ಓಣಿಯ ಹೆಂಗಸರು ಬರುತ್ತಿದ್ದರು. ಬಟ್ಟೆ ಹಾಸಲು, ಮಡಿಸಲು, ಮತ್ತೆ ಹಾಸಲು ಕರಾಮತನೂ ಬರುತ್ತಿದ್ದ. ಸಂಜೆ ಚಹಾದ ನೀರು ಕಾಯಿಸುವ ಸಮೋವಾರ್ ಬುಸುಗುಡುತ್ತಿತ್ತು. ಆಕೆ ತಟ್ಟೆ ಹಿಡಿದು ಬರುತ್ತಿದ್ದಳು.

"ಕರಾಮತ್ ಆಘಾ, ಚಹಾ?"

"ಅಯ್ಯೋ ಬೇಡಿ ಖಾನಂ, ನಿಮಗ್ಯಾಕೆ ತೊಂದರೆ."

"ಸರಿ." ತಟ್ಟೆ ಪಕ್ಕದವರಿಗೆ ಹೋಗುತ್ತಿತ್ತು. ಉಳಿದವರು ಹೀರಿ, ಕಣ್ಣು ಮುಚ್ಚಿ, "ವಾಹ್ ಖಾನಂ, ಇಂಥ ಚಹಾ ಇಡೀ ಫಾರ್ಸ್ ಪ್ರಾಂತದಲ್ಲಿಲ್ಲ" ಎನ್ನುತ್ತಿದ್ದರು. ಕರಾಮತ್ ಮನೆಗೆ ಬಂದು ನಲ್ಲಿಗೆ ಬಾಯಿಟ್ಟು ನೀರು ಕುಡಿಯುತ್ತಿದ್ದ.

ಅವನು ಅಲ್ಲಿಗೆ ಹೋಗುತ್ತಿದ್ದುದು ಬರೀ ಚಹಾಕ್ಕಲ್ಲ ಎಂಬುದು ಓಣಿಯ ಬೆಕ್ಕುಗಳಿಗೂ ಗೊತ್ತಿತ್ತು. ಒಂದು ಬೆಳಿಗ್ಗೆ ಅಫ್ಸರ್ ರೊಟ್ಟಿಯ ಜೊತೆ ಸುದ್ದಿಯನ್ನೂ ತಂದಳು.

"ಕೇಳಿದ್ಯೇನೋ? ಹೂ ಮುಗಿದ ಮೇಲೆ ತೂರಾನ್ ಮನೆ ಬಾಡಿಗೆಗೆ ಕೊಟ್ಟು ಜಹ್ರೋಮಿಗೆ ಹೋಗ್ತಾಳಂತೆ, ತಮ್ಮನ ಹತ್ರ ಇರೋಕೆ. ನೀನು ಹೀಗೇ ಬಟ್ಟೆ ಮಡಿಸ್ತಾ ಕೂತಿರು."

ಕರಾಮತನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. "ನಾನೇನು ಮಾಡ್ಲಿ ಅಕ್ಕ?"

"ಒಂದು ಲೋಟ ಚಹಾ ತಗೊಳ್ಳೋಕಾಗದವನು ಹೆಂಡ್ತೀನ ಹೇಗೆ ತಗೋತೀಯ? ಬಾ ಇಲ್ಲಿ, ಕೂತ್ಕೋ. ಈಗ ನಾನೇ ತೂರಾನ್."

ಅಫ್ಸರ್ ತಲೆಯ ಮೇಲೆ ಚಾದರ ಎಳೆದುಕೊಂಡು, ಖಾಲಿ ಲೋಟ ಹಿಡಿದು, ಸೊಂಟ ತಿರುಗಿಸುತ್ತ ಬಂದಳು. ತೂರಾನ್ ಎಂದೂ ಸೊಂಟ ತಿರುಗಿಸಿದವಳಲ್ಲ. "ಚಹಾ?" ಎಂದಳು.

"ಕೊಡಿ, ಖಾನಂ!" ಎಂದ ಕರಾಮತ್ ಗಟ್ಟಿಯಾಗಿ. ಅವನಿಗೇ ಆಶ್ಚರ್ಯವಾಯಿತು. ಇನ್ನೊಮ್ಮೆ ಆಡಿದರು. ಮತ್ತೂ ಸರಿಯಾಗಿ ಬಂತು. ಆ ಸಂಜೆ ಅಕ್ಕತಮ್ಮ ಯುದ್ಧಕ್ಕೆ ಹೊರಟವರಂತೆ ಅಂಗಳಕ್ಕೆ ಹೋದರು.

ಮೋಡ ಕವಿದಿದ್ದರಿಂದ ಬೇರೆ ಹೆಂಗಸರು ಬಂದಿರಲಿಲ್ಲ. ತೂರಾನ್ ಚಹಾದ ಪಾತ್ರೆಯನ್ನು ಸಮೋವಾರಿನ ಮೇಲಿಟ್ಟು ಬಂದು ಕರಾಮತನ ಎದುರಿಗೇ ಕುಳಿತಳು. ಅವನು "ಕೊಡಿ ಖಾನಂ" ಎಂಬುದನ್ನು ಬಾಯಲ್ಲಿ ಸಿದ್ಧವಾಗಿಟ್ಟುಕೊಂಡ. ಆದರೆ ಆಕೆ ಚಹಾದ ಮಾತೇ ಎತ್ತಲಿಲ್ಲ.

"ಕರಾಮತ್ ಆಘಾ, ನೀವು ದಿನಾ ಬರೋದು ಮರದ ನೆರಳಿಗಲ್ಲ ಅಂತ ನಂಗೊತ್ತು. ಜಹ್ರೋಮಲ್ಲಿ ನನ್ನ ತಮ್ಮನ ಹೆಂಡತಿ ಬಾಯಿ ದೊಡ್ಡದು. ನಂಗೂ ಅಲ್ಲಿಗೆ ಹೋಗೋ ಮನಸ್ಸಿಲ್ಲ. ನನ್ನನ್ನ ಮದುವೆ ಆಗ್ತೀರಾ?"

ಅಫ್ಸರಳ ಮಡಿಲಿನ ಹೂವೆಲ್ಲ ನೆಲಕ್ಕೆ ಬಿತ್ತು.

"ಅಯ್ಯೋ ಬೇಡಿ ಖಾನಂ," ಎಂದಿತು ಕರಾಮತನ ನಾಲಿಗೆ, "ನಿಮಗ್ಯಾಕೆ ತೊಂದರೆ."

"ಸರಿ," ಎಂದು ತೂರಾನ್ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಫ್ಸರ್ ತಮ್ಮನಿಗೆ ಹೊಡೆಯಲು ಚಪ್ಪಲಿ ಹುಡುಕಿದಳು. ಎರಡೂ ಅಂಗಳದ ಹೊರಬಾಗಿಲ ಬಳಿ ಇದ್ದವು. "ಹೋಗೋ, ಹೋಗಿ ಬಡಿ!"

"ಬಾಗಿಲು ಹಾಕ್ಕೊಂಡಿದ್ದಾರೆ ಅಕ್ಕ. ಬಡಿದ್ರೆ ಅವರಿಗೆ ತೊಂದರೆ ಆಗಲ್ವಾ?"

"ನಿನ್ನ ತೊಂದರೆಗೆ ಮಣ್ಣು ಹಾಕ! ಜಹ್ರೋಮಿನ ಬಸ್ಸಿಗೆ ಚೀಲ ಎತ್ತಿಡೋಕೆ ನೀನೇ ಹೋಗ್ತೀಯ ನೋಡು. ಎತ್ತಿಟ್ಟು 'ಪರವಾಗಿಲ್ಲ ಖಾನಂ' ಅಂತೀಯ."

ಆ ಚಿತ್ರ ಅವನಿಗೆ ಸ್ಪಷ್ಟವಾಗಿ ಕಂಡಿತು. ಚೀಲದ ಬಣ್ಣವೂ ಕಂಡಿತು. ಕರಾಮತ್ ಬಾಗಿಲಿಗೆ ಹೋದ. ಕೈ ಎತ್ತಿದ, ಇಳಿಸಿದ. ಬಡಿಯಲು ಆಗಲಿಲ್ಲ. ಬದಲಿಗೆ, ಮರ್ವ್‌ದಶ್ತಿನ ನಿಲ್ದಾಣದಲ್ಲಿ ಪ್ರಯಾಣಿಕರನ್ನು ಕೂಗುತ್ತಿದ್ದ ಹಳೆಯ ಗಂಟಲಿನಿಂದ ಕೂಗಿಬಿಟ್ಟ:

"ಬೇಕು!"

ಅಕ್ಕಪಕ್ಕದ ಎರಡು ಕಿಟಕಿಗಳು ತೆರೆದವು. ಒಳಗಿನಿಂದ ತೂರಾನಳ ದನಿ ಬಂತು. "ಏನು ಬೇಕು?"

"ಚಹಾ ಬೇಕು! ನೀವೂ ಬೇಕು! ಹದಿನೈದು ದಿನದಿಂದ ಬಾಯಿ ಒಣಗಿದೆ!"

"ಮೊದಲು ಯಾವುದು?"

ಕರಾಮತ್ ಪ್ರಾಮಾಣಿಕವಾಗಿ ಯೋಚಿಸಿದ. "ಮೊದಲು ಚಹಾ," ಎಂದ.

ಬಾಗಿಲು ತೆರೆಯಿತು. ಆಕೆ ಸಮೋವಾರಿನ ಬಳಿ ಹೋಗಿ ಲೋಟ ತುಂಬಿಸಿ ಕೊಟ್ಟಳು. ಅವನು ಎರಡೂ ಕೈಯಲ್ಲಿ ಹಿಡಿದು ದೊಡ್ಡ ಗುಟುಕು ಹೀರಿದ.

"ಹೇಗಿದೆ?"

ವಾಹ್ ಎನ್ನಲು ಬಾಯಿ ತೆರೆದ. ಆದರೆ ಬೇಕು ಎಂದು ಕೂಗಿದ ಬಾಯಿ ಇನ್ನೂ ಹಳೆಯ ಹದಕ್ಕೆ ಮರಳಿರಲಿಲ್ಲ.

"ಕಹಿ," ಎಂದ.

"ಏನಂದ್ರಿ?"

"ಕಹಿ, ಖಾನಂ. ಹೊಟ್ಟೆನೋವಿನ ಕಷಾಯದ ಹಾಗಿದೆ."

ತೂರಾನ್ ಅಫ್ಸರಳ ಕಡೆ ತಿರುಗಿದಳು. "ಹೌದಾ?"

ಅಫ್ಸರ್ ಮರದ ತುದಿ ನೋಡಿದಳು. "ನಿಮ್ಮ ಕೈ ನೋಯದಿರಲಿ, ಖಾನಂ," ಎಂದು ಊರಿನ ರೂಢಿಯ ಧನ್ಯವಾದ ಹೇಳಿದಳು.

"ನಾನು ಕೇಳಿದ್ದು ನನ್ನ ಕೈ ವಿಚಾರ ಅಲ್ಲ."

"ಎಸಳು ಮಾತ್ರ ಹಾಕ್ಬೇಕು ಕಣ್ರೀ!" ಅಫ್ಸರಳ ಕಟ್ಟೆಯೂ ಒಡೆಯಿತು. "ನೀವು ಹಸಿರು ತೊಟ್ಟು ಸಮೇತ ಸುರೀತೀರ, ಆಮೇಲೆ ಮುಸ್ಸಂಜೆಯ ಮಗ್ರಿಬ್ ನಮಾಜಿನವರೆಗೂ ಕುದಿಸ್ತೀರ! ಇಡೀ ಓಣಿಗೆ ಗೊತ್ತು!"

"ಯಾವಾಗಿಂದ?"

"ಮೊದಲ ವರ್ಷದಿಂದ."

ತಾರೋಫ್ ಬಿಟ್ಟ ಹೆಂಗಸು ಇಷ್ಟು ವರ್ಷ ಬರೀ ತಾರೋಫ್‌ನ ಹೊಗಳಿಕೆಯನ್ನೇ ಉಂಡಿದ್ದಳು. ಆಕೆಯ ಮುಖ ಕೆಂಪಾಯಿತು. ಎಲ್ಲವೂ ಮುಗಿಯಿತೆಂದು ಕರಾಮತ್ ಲೋಟ ಕೆಳಗಿಟ್ಟು ಚಪ್ಪಲಿ ಮೆಟ್ಟಿಕೊಂಡ. ತೂರಾನ್ ತನ್ನ ಚಹಾವನ್ನು ತಾನೇ ಒಂದು ಗುಟುಕು ಕುಡಿದಳು. ಗಮನವಿಟ್ಟು ಕುಡಿದದ್ದು ಬಹುಶಃ ಅಂದೇ ಮೊದಲು. ಮೂಗು ಸೊಟ್ಟ ಮಾಡಿದಳು. ಇಡೀ ಪಾತ್ರೆಯನ್ನು ಚರಂಡಿಗೆ ಚೆಲ್ಲಿದಳು.

"ಎಲ್ಲಿಗೆ ಹೊರಟಿರಿ? ಕೂತ್ಕೊಂಡು ತೊಟ್ಟು ಬಿಡಿಸಿ. ಈ ಮನೇಲಿ ನಿಜ ಹೇಳೋಕೆ ಒಬ್ಬರು ಬೇಕು."

ಹೂ ಮುಗಿಯುವ ಮೊದಲೇ ಮದುವೆ ಗೊತ್ತಾಯಿತು. ಅಲ್ಲಿಯ ಪದ್ಧತಿಯಂತೆ ಮೌಲ್ವಿ ವಧುವಿನ ಒಪ್ಪಿಗೆಯನ್ನು ಮೂರು ಸಲ ಕೇಳಬೇಕು. ಮೊದಲೆರಡು ಸಲ ವಧು ಸುಮ್ಮನಿರಬೇಕು. "ವಧು ಹೂ ಕೀಳಲು ಹೋಗಿದ್ದಾಳೆ" ಎಂದು ಹೆಂಗಸರು ಕೂಗಬೇಕು. ಮದುವೆಯ ದಿನ ಅಫ್ಸರ್ ಅದಕ್ಕಾಗಿ ಗಂಟಲು ಸರಿಮಾಡಿಕೊಂಡು ಕಾದಿದ್ದಳು. ಮೌಲ್ವಿ ಒಮ್ಮೆ ಕೇಳಿದ. "ಆಯ್ತು," ಎಂದಳು ತೂರಾನ್. ಹೆಂಗಸರು ತೆರೆದ ಬಾಯಿ ಹಾಗೇ ಮುಚ್ಚಿಕೊಂಡರು.

ಈಗ ಎಲ್ಲರೂ ವರನನ್ನು ನೋಡಿದರು. ಅಫ್ಸರ್ ಹಿಂದಿನಿಂದ ಅವನ ಬೆನ್ನು ಚಿವುಟಲು ಸಿದ್ಧಳಾದಳು. ಮೌಲ್ವಿ ಬಾಯಿ ತೆರೆದು "ಕರಾಮ..." ಎನ್ನುವಷ್ಟರಲ್ಲೇ "ಬೇಕು!" ಎಂದು ಅವನು ಕೂಗಿದ. ಪೂರ್ತಿ ಕೇಳುವ ಮೊದಲೇ ಒಪ್ಪಿದರೆ ನಡೆಯುವುದಿಲ್ಲವೆಂದು ಮೌಲ್ವಿ ಮೊದಲಿನಿಂದ ಶುರುಮಾಡಿದ. ಅವನು ಮತ್ತೆ ನಡುವೆಯೇ ಕೂಗಿದ. ಕೊನೆಗೆ ತೂರಾನ್ ಅವನ ಬಾಯಿಯ ಮೇಲೆ ಕೈಯಿಟ್ಟು, ಮೌಲ್ವಿಯ ಮಾತು ಮುಗಿಯುವವರೆಗೂ ಅದುಮಿ ಹಿಡಿದಳು.