ಇಲ್ಲದ ಕಣಿವೆಗೆ ಬೀಳುವವರನ್ನು ಹಿಡಿಯುವಾಕೆ

ಬೆಳಗಿನ ಆರೂವರೆ. ಕಲಾ ಗ್ಯಾಲರಿಯ ಶಟರನ್ನು ಅರ್ಧಕ್ಕೆ ಎತ್ತಿ, ಎಲ್ಲರೂ ‘ಆಯಾ’ ಎಂದೇ ಕರೆಯುವ ಹೆಂಗಸು ಬಗ್ಗಿ ಒಳಗೆ ಹೋಗುತ್ತಾರೆ. ಮೇಜಿನ ಮೇಲೆ ಹನ್ನೆರಡು ವರ್ಚುವಲ್ ರಿಯಾಲಿಟಿ ಕನ್ನಡಕಗಳು ಸಾಲಾಗಿ ಕೂತಿವೆ. ಒಂದೊಂದನ್ನೇ ಎತ್ತಿ, ಸ್ಪಿರಿಟ್ ಹಚ್ಚಿದ ಹತ್ತಿಯಿಂದ ನಿನ್ನೆಯ ಬೆವರು, ಪೌಡರು, ಕಾಡಿಗೆ ಎಲ್ಲವನ್ನೂ ಒರೆಸುತ್ತಾರೆ. “ಸೌಂದರ್ಯ ನೋಡೋಕೆ ಬರ್ತಾರೆ, ತಮ್ಮದರಲ್ಲಿ ಅರ್ಧ ಇಲ್ಲೇ ಬಿಟ್ಟು ಹೋಗ್ತಾರೆ” ಎಂದು ಕಪ್ಪಾದ ಹತ್ತಿಯನ್ನು ತೋರಿಸುತ್ತಾರೆ.

ಈ ಗ್ಯಾಲರಿಯ ಗೋಡೆಗಳ ಮೇಲೆ ಚಿತ್ರಗಳಿಲ್ಲ. ಕಲಾವಿದೆಯೊಬ್ಬರು ಗಾಳಿಯಲ್ಲಿ ಕೈಯಾಡಿಸಿ ಬರೆದ ಆಳವಾದ ಕಣಿವೆ, ಅದರ ಮೇಲಿನ ಮುರುಕಲು ಸೇತುವೆ, ಎಲ್ಲವೂ ಆ ಕನ್ನಡಕದ ಒಳಗಿವೆ. ಹಾಕಿಕೊಂಡವರು ಚಿತ್ರದೊಳಗೇ ನಡೆಯುತ್ತಾರೆ. ಹೊರಗಿನಿಂದ ನೋಡಿದರೆ, ಖಾಲಿ ಕೋಣೆಯಲ್ಲಿ ಗಡವ ಗಂಡಸರು ಬೆಕ್ಕಿನ ಹೆಜ್ಜೆ ಇಡುತ್ತಿರುತ್ತಾರೆ. ಸೇತುವೆಯ ನಡುವೆ ಕೆಲವರು ಕುಸಿಯುತ್ತಾರೆ, ಕೆಲವರು ಗೋಡೆಯತ್ತ ಓಡುತ್ತಾರೆ. ಹಿಂದೆ ನಿಂತು ಅವರನ್ನು ಹಿಡಿಯುವುದೇ ಆಯಾರ ಕೆಲಸ. ದಿನಕ್ಕೆ ನೂರಿಪ್ಪತ್ತು ಮಂದಿ ಬರುತ್ತಾರೆ. ಬೀಳುವವರು ಹದಿನೈದು, ದೇವರನ್ನು ಕರೆಯುವವರು ಮೂವತ್ತು. ಅಮ್ಮನನ್ನು ಕರೆಯುವವರ ಲೆಕ್ಕ ಇಟ್ಟಿಲ್ಲವಂತೆ.

“ಮೀಸೆ ದಪ್ಪ ಇದ್ದಷ್ಟೂ ಬೇಗ ಬೀಳ್ತಾರೆ” ಎನ್ನುವುದು ಅವರ ಅನುಭವದ ಮಾತು. ಇಪ್ಪತ್ತಾರು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿ ರೋಗಿಗಳನ್ನು ಎತ್ತಿ ಇಳಿಸಿ ಗಟ್ಟಿಯಾದ ತೋಳುಗಳು ಅವರವು. ನಿವೃತ್ತ ಲಾರಿ ಡ್ರೈವರಾದ ಗಂಡನಿಗೆ ಮಾತ್ರ ಈ ಕೆಲಸ ಇನ್ನೂ ಅರ್ಥವಾಗಿಲ್ಲ. “ಇಲ್ಲದ ಹಳ್ಳಕ್ಕೆ ಬೀಳೋರನ್ನ ಹಿಡಿಯೋಕೂ ಸಂಬಳಾನಾ?” ಎಂದು ದಿನಾ ಕೆಣಕುತ್ತಾರೆ. “ಹಳ್ಳ ಸುಳ್ಳಾದ್ರೂ ಮಂಡಿ ನಿಜ ಕಣ್ರೀ” ಎಂದು ಈಕೆ ದಿನಾ ಉತ್ತರಿಸುತ್ತಾರೆ.

ಶುರುವಿನಲ್ಲೇ ಒಂದು ಎಡವಟ್ಟಾಗಿತ್ತು. ಆಸ್ಪತ್ರೆಯಲ್ಲಿ ಮೊದಲು ಹಿಡಿ, ಆಮೇಲೆ ಮಾತಾಡು ಎಂಬುದೇ ರೂಢಿ. ಕಲಾ ವಿಮರ್ಶಕರೊಬ್ಬರು ಸೇತುವೆಯ ಮೇಲೆ ಓಲಾಡಿದಾಗ ಆಯಾ ತುಟಿಪಿಟಕ್ಕೆನ್ನದೆ ಅವರ ಸೊಂಟಕ್ಕೆ ಕೈ ಹಾಕಿ ಎತ್ತಿಯೇಬಿಟ್ಟರು. ಮರುದಿನ ಪತ್ರಿಕೆಯಲ್ಲಿ ವಿಮರ್ಶೆ ಬಂತು: ‘ಶೂನ್ಯದಿಂದ ಚಾಚಿ ಬರುವ ಆ ಬೆಚ್ಚನೆಯ ಅದೃಶ್ಯ ಹಸ್ತವೇ ಈ ಕೃತಿಯ ಜೀವಾಳ.’ ಅಂದಿನಿಂದ ಜನ ಕೈಗಾಗಿಯೇ ಬರತೊಡಗಿದರು. ಬೇಕೆಂದೇ ಬೀಳುವವರೂ ಹುಟ್ಟಿಕೊಂಡರು.

ಕಲಾವಿದೆಗೆ ಮೈಯೆಲ್ಲ ಉರಿಯಿತು. “ಎರಡು ವರ್ಷ ಊಟ ನಿದ್ದೆ ಬಿಟ್ಟು ಕಣಿವೆ ಬರೆದಿದ್ದೀನಿ. ಬಂದವರೆಲ್ಲ ಕೈ ಕೈ ಅಂತಾರೆ. ನನ್ನ ಚಿತ್ರದಲ್ಲಿ ಕೈಯೇ ಇಲ್ಲ!” ಎಂದು ಕೂಗಾಡಿದರು. ಗೋಡೆಗಳಿಗೂ ನೆಲಕ್ಕೂ ದಪ್ಪ ಸ್ಪಂಜು ಹೊಡೆಸಿ ಆಯಾರನ್ನು ಮನೆಗೆ ಕಳಿಸುವುದೆಂದು ತೀರ್ಮಾನವಾಯಿತು. ಆ ಮಾತು ಬಂದಾಗ ಆಯಾರ ಮುಖದ ನಗು ಮಾಯವಾಗುತ್ತದೆ. “ಆಸ್ಪತ್ರೇಲಿ ವಯಸ್ಸಾಯ್ತು ಅಂದ್ರು. ಇಲ್ಲೂ ಬೇಡ ಅಂದ್ರೆ ಈ ಕೈಗಳನ್ನ ಎಲ್ಲಿ ಇಟ್ಕೊಳ್ಳಲಿ ಹೇಳಿ?” ಎನ್ನುತ್ತಾರೆ. ಆ ದಿನಗಳಲ್ಲಿ ಅವರಿಗೆ ಊಟ ಸೇರುತ್ತಿರಲಿಲ್ಲ.

ಕಳೆದ ಸೋಮವಾರ, ಗ್ಯಾಲರಿಗೆ ರಜೆಯಿದ್ದ ದಿನ, ಸ್ಪಂಜಿನ ಪರೀಕ್ಷೆ ನಡೆಯಿತು. ಆಯಾರನ್ನು ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂರಿಸಿ ಕಲಾವಿದೆಯೇ ಕನ್ನಡಕ ಹಾಕಿಕೊಂಡರು. ಇಷ್ಟು ದಿನ ತಿದ್ದುವಾಗೆಲ್ಲ ಅವರು ಕುರ್ಚಿಯಲ್ಲಿ ಕೂತೇ ನೋಡಿದ್ದರು. ಸೇತುವೆಯ ಮೇಲೆ ಒಂಟಿಯಾಗಿ ನಿಂತದ್ದು ಅದೇ ಮೊದಲು. ಐದು ನಿಮಿಷ ಕಳೆಯಿತು. ಆಯಾ ಇಣುಕಿದರೆ, ಕಲಾವಿದೆ ಒಂದು ಕಾಲು ಎತ್ತಿಕೊಂಡು ಕೊಕ್ಕರೆಯ ಹಾಗೆ ನಿಂತಿದ್ದಾರೆ. ಆಮೇಲೆ ಸಣ್ಣ ದನಿಯೊಂದು ಬಂತು: “ಆಯಾ, ಸ್ವಲ್ಪ ಒಳಗೆ ಬರ್ತೀರಾ?”

ಕಣಿವೆ ಬರೆದವರು ಕಣಿವೆ ದಾಟಿದ್ದು ಆಯಾ ಹಿಂದೆ ಬಂದು ನಿಂತ ಮೇಲೆಯೇ. ನಡುವೆ ಒಮ್ಮೆ ಅಮ್ಮನನ್ನೂ ಕರೆದರಂತೆ. ಸ್ಪಂಜನ್ನು ಕಿತ್ತು, ಒಂದು ತುಂಡನ್ನು ಆಯಾರ ಸ್ಟೂಲಿಗೆ ಹೊಲಿಸಿಕೊಟ್ಟಿದ್ದಾರೆ. ಅವರ ಕೆಲಸವೂ ಉಳಿದಿದೆ.

ಹಾಗಾದರೆ ಆಯಾ ಆ ಸೇತುವೆ ದಾಟಿದ್ದಾರೆಯೇ? “ಒಂದ್ಸಲ ಕನ್ನಡಕ ಹಾಕ್ಕೊಂಡೆ. ಚೆನ್ನಾಗಿ ಬರೆದಿದ್ದಾರೆ, ಸುಳ್ಳು ಹೇಳಬಾರದು. ಆದ್ರೆ ಹೆಜ್ಜೆ ಇಡಲಿಲ್ಲ. ಹಿಂದೆ ನಾನೇ ಇಲ್ವಲ್ಲ, ಯಾರನ್ನ ನಂಬಿ ನಡೀಲಿ?” ಸಾಯುವುದರೊಳಗೆ ಒಮ್ಮೆಯಾದರೂ ಆಚೆ ದಡ ನೋಡಬೇಕೆಂಬ ಆಸೆ ಮಾತ್ರ ಇದೆಯಂತೆ.

ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದ ಕಲಾವಿದೆ ಮುಂದೆ ಬರುತ್ತಾರೆ. “ಬನ್ನಿ ಆಯಾ, ನಾನು ಹಿಡ್ಕೋತೀನಿ.”

ಆಯಾ ಕಲಾವಿದೆಯನ್ನು ಅಡಿಯಿಂದ ಮುಡಿಯವರೆಗೆ ಅಳೆಯುತ್ತಾರೆ. “ನಲವತ್ತೈದು ಕೆಜಿ ಇದ್ದೀರ. ನಾನು ಬಿದ್ರೆ ನನ್ನ ಅಡೀಲಿ ನಿಮ್ಮನ್ನ ಹುಡುಕಬೇಕಾಗುತ್ತೆ. ಎರಡು ತಿಂಗಳು ಹೊಟ್ಟೆ ತುಂಬ ಉಣ್ಣಿ ತಾಯಿ, ಆಮೇಲೆ ದಾಟೋಣ.”