ಅಂಗೈಯಲ್ಲಿ ಭಂಡಾರ

ಮೊನ್ನೆ ಸವದತ್ತಿಯಿಂದ ಬರುವಾಗ ಬಸ್ಸಿನಲ್ಲಿ ಪಕ್ಕ ಕೂತಿದ್ದ ಅಜ್ಜಿ, ಎಲ್ಲಮ್ಮನ ಗುಡ್ಡದಿಂದ ಬಂದವಳು, ಕೇಳದೆಯೇ ನನ್ನ ಹಣೆಗೆ ಭಂಡಾರ ಹಚ್ಚಿ ಅಂಗೈಗೂ ಒಂದು ಚಿಟಿಕೆ ಹಾಕಿದಳು. ಆ ಅರಿಷಿಣದ ವಾಸನೆಗೆ ಕಟಕೋಳದ ನಮ್ಮ ಓಣಿಯ ಕಾಕಾ ನೆನಪಾದರು...

ಎದುರು ಮನೆಯವರು. ಧೋತರದ ಚುಂಗಿನಲ್ಲಿ ಸದಾ ಭಂಡಾರದ ಗಂಟು. ಅದು ಕೈಯಲ್ಲಿದ್ದಾಗ ನಮ್ಮ ಕಡೆ ಯಾರೂ ಸುಳ್ಳಾಡುವುದಿಲ್ಲ. ಕಾಕಾ ಅವರದು ಮಾತಿಗೆ ಮುಂಚೆ ಸಿಟ್ಟು, ಹಿಂದೆಯೇ ನಗು. ಚಳಿಗಾಲದಲ್ಲಿ ಹಸಿ ಜೋಳದ ತೆನೆ ಸುಟ್ಟು ಸೀತನಿ ಮಾಡಿದರೆ ಮೊದಲ ಹಿಡಿ ನಮ್ಮ ಮನೆಗೇ ಬರುತ್ತಿತ್ತು.

ಆ ಸಿಟ್ಟೇ ಅವರನ್ನು ಮುಳುಗಿಸಿತು. ಬದುವಿನ ಜಗಳದಲ್ಲಿ ಗುದ್ದಲಿಯ ಕಾವಿನಿಂದ ದಾಯಾದಿಗೆ ಹೊಡೆದರು. ಅವನ ಒಂದು ಕಣ್ಣು ಹೋಯಿತು. ಕೋರ್ಟಿನಲ್ಲಿ ಭಂಡಾರ ಹಿಡಿದು, "ಹೌದ್ರಿ, ನಾನ ಹೊಡದೇನಿ" ಅಂದುಬಿಟ್ಟರು. ಏಳು ವರ್ಷ ಶಿಕ್ಷೆ. ಅದು ಅತಿಯಾಯಿತೆಂದು ಕಣ್ಣು ಕಳೆದುಕೊಂಡವನೇ ಅಂದ.

ಅಪೀಲು ಹಾಕೋಣ ಎಂದು ಕಾಕಿ ಬೆಳಗಾವಿ ಜೈಲಿಗೆ ಹೋಗಿ ಗೋಗರೆದಳು. ಅವರದು ಒಂದೇ ಮಾತು: "ಭಂಡಾರ ಹಿಡದು ಹೊಡದೇನಿ ಅಂದೇನಿ. ಈಗ ಇಲ್ಲ ಅನ್ನಲೇನು?" ಅಪೀಲು ಅಂದರೆ ಮಾಡಿದ್ದನ್ನು ಮಾಡಿಲ್ಲ ಅನ್ನುವುದು ಎಂದೇ ಅವರು ತಿಳಿದಿದ್ದರು. ಓಣಿಗೂ ಅಷ್ಟೇ ಗೊತ್ತಿತ್ತು.

ಮೂರು ಸುಗ್ಗಿ ಕಳೆದ ಮೇಲೆ ರಾಮದುರ್ಗದ ವಕೀಲರೊಬ್ಬರು, ತಪ್ಪು ಒಪ್ಪಿಕೊಂಡೂ ಶಿಕ್ಷೆ ಕಡಿಮೆ ಮಾಡಿರೆಂದು ಕೇಳಬಹುದು ಅಂದರು. ಕಾಕಿಯ ಜೊತೆ ನಾನೂ ಜೈಲಿಗೆ ಹೋಗಿ ಹೇಳಿದೆ. ಕಾಕಾ ಜಾಲರಿಗೆ ಇನ್ನಷ್ಟು ಹತ್ತಿರ ಬಂದರು.

"ಸುಳ್ಳ ಹೇಳದ ಕೇಳಾಕ ಬರತೈತೇನ? ಹಂಗಾರ ಕೇಳ್ರಿ. ಸೀತನಿ ಹೊತ್ತಿಗೆ ಮನಿಗೆ ಬರತೇನಿ."

ತಡವಾಗಿದ್ದರೂ ಧಾರವಾಡದ ಹೈಕೋರ್ಟು ಅಪೀಲು ತೆಗೆದುಕೊಂಡಿತು. ಆ ಚಳಿಗಾಲ ಅವರ ದಾರಿ ಕಾದಷ್ಟು ನಾನು ಯಾರ ದಾರಿಯನ್ನೂ ಕಾದಿಲ್ಲ. ವಿಚಾರಣೆಯ ಸರದಿ ಬರುವ ಮೊದಲೇ ಕಾಕಾ ಎದೆನೋವಿನಿಂದ ಜೈಲಿನಲ್ಲೇ ತೀರಿಕೊಂಡರು... ಅವರೊಂದಿಗೆ ಅಪೀಲೂ ಮುಗಿಯಿತು.

ಮೊನ್ನೆ ಬಸ್ಸಿಳಿದವನು ನೇರ ಕಾಕಿಯ ಮನೆಗೆ ಹೋದೆ. ಕಾಕಿ ನನ್ನ ಅಂಗೈಯಿಂದಲೇ ಭಂಡಾರ ತೆಗೆದು ಹಣೆಗೆ ಹಚ್ಚಿಕೊಂಡು, ಪ್ರತಿ ಸಲ ಕೇಳುವುದನ್ನೇ ಕೇಳಿದಳು.

"ಅವರು ಇದ್ದಿದ್ರ ಕೋರ್ಟಿನವರು ಕಡಿಮಿ ಮಾಡತಿದ್ರೇನಪಾ?"

ಪ್ರತಿ ಸಲ ಹೌದು ಅನ್ನುತ್ತಿದ್ದೆ. ಈ ಸಲ ಅಂಗೈ ಇನ್ನೂ ಹಳದಿಯಾಗಿತ್ತು.

"ಗೊತ್ತಿಲ್ಲ ಕಾಕಿ," ಅಂದೆ. "ಶಿಕ್ಷಾ ಅಂತೂ ಜಾಸ್ತಿ ಆಗಿತ್ತು."

ಕಾಕಿ ನಿಧಾನಕ್ಕೆ ತಲೆ ಆಡಿಸಿದಳು. ಆ ಮಾತನ್ನು ಕಾಕಾ ಕೇಳಿಸಿಕೊಳ್ಳಬೇಕಿತ್ತು.